ರಾಜಕುಮಾರನ ಕುರ್ಚಿ

“ಹತ್ತು ನಿಮಿಷ ತಡ!” ಎನ್ನುತ್ತ ಎಫಿ ಮಕ್‌ನಾಬ್, ಒಳಗೆ ಕಾಲಿಟ್ಟ ಹೆಂಗಸಿನ ಕೈಗೆ ಧೂಳು ಒರೆಸುವ ಬಟ್ಟೆ ತುರುಕಿದಳು. “ಇರಲಿ, ಮಾತಾಡೋಕೆ ಪುರುಸೊತ್ತಿಲ್ಲ. ಇವತ್ತು ನಮ್ಮ ಹಣೆಬರಹ ತೀರ್ಮಾನ ಆಗೋ ದಿನ.”

“ಮ್ಯೂಸಿಯಂ ನೋಡ್ಕೊಳ್ಳೋಣ ಅಂತ ಬಂದೆ,” ಎಂದಳು ಹೆಂಗಸು.

“ಮತ್ತಿನ್ನೇನು, ನೋಡ್ಕೊಳ್ಳಿ! ಕೋಟು ಆ ಮೊಳೆಗೆ ಹಾಕಿ.”

ಬಾಲ್‌ಕ್ರೇಗಿನ ಮ್ಯೂಸಿಯಂನಲ್ಲಿ ಸಂಬಳದವರು ಯಾರೂ ಇಲ್ಲ. ಹಳೆಯ ನೇಯ್ಗೆ ಗಿರಣಿಯ ಕಟ್ಟಡ. ಊರವರೇ ಪಾಳಿಯ ಮೇಲೆ ಬಂದು ಕೈಜೋಡಿಸುತ್ತಾರೆ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಆ ಗುರುವಾರದ ಎದುರು ಸಮಿತಿಯ ಕಾರ್ಯದರ್ಶಿ ‘ಲಿಂಡ್ಸೇ, ಹೊಸಬರು’ ಎಂದು ಗೀಚಿ ಹೋಗಿದ್ದ. ಹೊಸಬರಾದರೂ ಪರವಾಗಿಲ್ಲ, ಎರಡು ಕೈ ಇದ್ದರೆ ಸಾಕಾಗಿತ್ತು ಎಫಿಗೆ.

ವಿಷಯ ಅಷ್ಟು ಗಂಭೀರವಾಗಿತ್ತು. ಹೆದ್ದಾರಿಯ ತಿರುವಿನಲ್ಲಿ ಊರಿನ ಕಡೆ ಕೈತೋರಿಸುವ ಒಂದು ಕಂದು ಫಲಕವಿದೆ. ಪ್ರವಾಸಿ ಮಂಡಳಿಯ ಪರೀಕ್ಷಕರು ಗುಟ್ಟಾಗಿ ಬಂದು, ನೋಡಿ, ಮೂರು ನಕ್ಷತ್ರ ಕೊಟ್ಟರೆ ಆ ಫಲಕ ಉಳಿಯುತ್ತದೆ. ಕೊಡದಿದ್ದರೆ ಕಿತ್ತುಹಾಕುತ್ತಾರೆ. ಆಮೇಲೆ ಕಾರುಗಳೆಲ್ಲ ನೇರವಾಗಿ ಕೋಟೆಯ ಊರಿಗೆ ಹೋಗುತ್ತವೆ, ಮ್ಯೂಸಿಯಂ ಬಾಗಿಲು ಹಾಕಬೇಕಾಗುತ್ತದೆ. ಹತ್ತೊಂಬತ್ತು ವರ್ಷದಿಂದ ಇದೇ ಬಾಗಿಲು ತೆರೆಯುತ್ತ ಬಂದವಳು ಎಫಿ. ಇದಿಲ್ಲದಿದ್ದರೆ ಬೆಳಗ್ಗೆ ಎದ್ದು ಏನು ಮಾಡಬೇಕೆಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಪರೀಕ್ಷಕರು ಸೋಮವಾರ ಕೋಟೆ ನೋಡಿದರಂತೆ, ನಿನ್ನೆ ವಿಸ್ಕಿ ಭಟ್ಟಿ ನೋಡಿದರಂತೆ. ಉಳಿದದ್ದು ಇದೊಂದೇ. ನಾಳೆಯಿಂದ ವಸಂತದವರೆಗೆ ಮ್ಯೂಸಿಯಂಗೆ ರಜೆ. ಹಾಗಾಗಿ ಬಂದರೆ ಇವತ್ತೇ ಬರಬೇಕು.

ಹತ್ತೂಕಾಲಿಗೆ ಅವನು ಬಂದ. ಮಳೆಯಲ್ಲಿ ನೆಂದ ಉದ್ದನೆಯ ಆಸಾಮಿ, ಕೈಯಲ್ಲಿ ಪುಟ್ಟ ನೋಟ್‌ಬುಕ್ಕು.

“ಅಗೋ, ಬಂದ!” ಎಫಿ ಹೆಂಗಸಿನ ಪಕ್ಕೆಗೆ ತಿವಿದಳು. “ಸುಮ್ಮನೆ ಸುತ್ತೋಕೆ ಬಂದೋನು ಈ ಮಳೇಲಿ ನೋಟ್‌ಬುಕ್ಕು ತರ್ತಾನಾ?”

“ಪರೀಕ್ಷಕರು ಹೀಗೇ ಇರ್ತಾರಾ?”

“ನೋಡಿದ ಕೂಡಲೇ ಹೇಳ್ತೀನಿ. ನನ್ನ ಕಣ್ಣಿಗೆ ಮಣ್ಣೆರಚೋಕೆ ಯಾರಿಂದಲೂ ಆಗಲ್ಲ.”

ಅವನು ಟೋಪಿ ತೆಗೆದ. “ಅಮ್ಮಾ, ನಾನು ಇಲ್ಲಿಗೆ...”

“ಗೊತ್ತು ಸ್ವಾಮಿ, ಎಲ್ಲಾ ಗೊತ್ತು. ಮೊದಲು ಕೂತ್ಕೊಳ್ಳಿ.”

ಕೂರಿಸಿದ್ದು ಸಾಮಾನ್ಯ ಕುರ್ಚಿಯಲ್ಲಲ್ಲ. ಯುದ್ಧ ಸೋತು ಓಡುತ್ತಿದ್ದ ರಾಜಕುಮಾರ ಒಂದು ರಾತ್ರಿ ದಣಿವಾರಿಸಿಕೊಂಡ ಕುರ್ಚಿ ಅದು. ಹಾಗೆಂದು ಪಕ್ಕದ ಚೀಟಿ ಹೇಳುತ್ತಿತ್ತು. ಸುತ್ತ ಕಟ್ಟಿದ್ದ ಹಗ್ಗವನ್ನು ಎಫಿ ತಾನೇ ಬಿಚ್ಚಿದಳು. ಅವನು ಬಾಯಿ ತೆರೆದಾಗಲೆಲ್ಲ ಬೆಣ್ಣೆ, ಜಾಮು ಹಚ್ಚಿದ ಒಂದೊಂದು ಸ್ಕೋನು ಬನ್ನು ಮುಂದೆ ಹಿಡಿದಳು. ಪಾಪ, ಮರ್ಯಾದಸ್ಥ. ಬೇಡ ಎನ್ನಲಿಲ್ಲ.

ತಿನ್ನುತ್ತಲೇ ಅವನು ಪ್ರಶ್ನೆ ಶುರುಮಾಡಿದ. ಬೀಗದ ಕೈ ಎಲ್ಲಿಡುತ್ತಾರೆ? ಚಹಾ ಕಪ್ಪು ತೊಳೆಯುವುದೆಲ್ಲಿ? ದೀಪದ ಸ್ವಿಚ್ಚುಗಳು ಯಾವ ಕಡೆ? ಬೆಂಕಿ ಬಿದ್ದರೆ ಜನರನ್ನು ಯಾವ ಬಾಗಿಲಿನಿಂದ ಕಳಿಸಬೇಕು? ಒಂದೊಂದು ಉತ್ತರವನ್ನೂ ಬರೆದುಕೊಂಡ.

ಎಫಿ ಅಡುಗೆಮನೆಗೆ ಓಡಿ ಬಂದು ನೀರು ಕುಡಿದಳು. “ಜಡ್ಜ್ ಮುಂದೆ ನಿಂತ ಹಾಗಾಗಿದೆ ತಾಯಿ ನನಗೆ!”

ಹೆಂಗಸು ಅಷ್ಟರಲ್ಲಿ ಗಾಜಿನ ಪೆಟ್ಟಿಗೆಗಳನ್ನು ಒರೆಸಿ, ಶೌಚಾಲಯವನ್ನೂ ನೋಡಿ ಬಂದಿದ್ದಳು. ಸೋಪು ಮುಗಿದಿದೆ ಎಂದಳು. ಒಂದು ಸ್ಕೋನು ಕಚ್ಚಿ, “ಚೆನ್ನಾಗಿದೆ. ಮನೇಲೇ ಮಾಡಿದ್ದಾ?” ಎಂದು ಕೇಳಿದಳು.

“ಬೋರ್ಡಿನಲ್ಲಿ ಹಾಗೆ ಬರೆದಿದೆ. ಮಾಡೋನು ಪಕ್ಕದೂರಿನ ಬೇಕರಿಯವನು. ನಾನು ಮಾಡಿದ್ರೆ ಅದನ್ನೂ ಹಳೇ ಕಲ್ಲುಗಳ ಜೊತೆ ಗಾಜಿನ ಪೆಟ್ಟಿಗೇಲಿ ಇಡಬೇಕಾಗುತ್ತೆ.”

“ಮತ್ತೆ ಆ ಕುರ್ಚಿ?”

“ನಮ್ಮಜ್ಜೀದು. ಪ್ರಾಣ ಕೈಯಲ್ಲಿ ಹಿಡ್ಕೊಂಡು ಓಡೋ ರಾಜಕುಮಾರನಿಗೆ ಕೂರೋಕೆ ಎಲ್ಲಿಂದ ಬರ್ಬೇಕು ಟೈಮು?”

“ಗೋಡೆ ಮೇಲಿನ ಕಂಬಳಿ?”

“ಅದರ ಹಿಂದೆ ಮಾತ್ರ ನೋಡಬೇಡಿ. ಗೋಡೆ ತೇವ ಹಿಡಿದು ಬೂಸಲು ಬಂದಿದೆ.”

ಹೆಂಗಸು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ, “ಯಾಕೆ ಇಷ್ಟೊಂದು ಒದ್ದಾಟ?” ಎಂದಳು.

ಎಫಿಯ ಬಡಾಯಿ ಇಳಿಯಿತು. “ಈ ಗಿರಣಿಯ ಮಗ್ಗಗಳಲ್ಲಿ ನೇಯ್ದವರು ಮುನ್ನೂರ ಹನ್ನೆರಡು ಜನ. ಅಷ್ಟೂ ಹೆಸರು ನನಗೆ ಬಾಯಿಗೆ ಬರುತ್ತೆ. ಯಾರು ಹಾಡ್ತಿದ್ರು, ಯಾರ ಬೆರಳು ಹೋಯ್ತು, ಯಾರು ಯಾರನ್ನ ಕಟ್ಕೊಂಡ್ರು, ಎಲ್ಲಾನೂ. ಬಾಗಿಲು ಹಾಕಿಬಿಟ್ರೆ ಅದನ್ನೆಲ್ಲ ಯಾರಿಗೆ ಹೇಳಲಿ?”

“ನನಗೆ ಹೇಳಿ,” ಎಂದಳು ಹೆಂಗಸು.

ಕಪ್ಪು ತೊಳೆಯುತ್ತ ಎಫಿ ಹೇಳಿದಳು. ನಡುನಡುವೆ ಓಡಿಹೋಗಿ ಅವನ ಮುಂದೆ ಇನ್ನೊಂದು ಸ್ಕೋನು ಇಟ್ಟು ಬಂದಳು. ಬೇರೆ ಒಬ್ಬ ನರಪಿಳ್ಳೆಯೂ ಆ ಮಳೆಯಲ್ಲಿ ಒಳಗೆ ಬರಲಿಲ್ಲ.

ನಾಲ್ಕಕ್ಕೆ ಹೆಂಗಸು ಕೋಟು ಹಾಕಿಕೊಂಡಳು. ಎಫಿಗೆ ಅವಳನ್ನು ಕಳಿಸಲು ಮನಸ್ಸೇ ಬರಲಿಲ್ಲ. “ಮಾತು ಕಡಿಮೆ, ಕೆಲಸ ಜೋರು. ನಿಮ್ಮಂಥೋರು ಸಿಗೋದು ಕಷ್ಟ. ದೇವರ ದಯೆಯಿಂದ ವಸಂತದಲ್ಲಿ ಬಾಗಿಲು ತೆರೆದ್ರೆ ಮತ್ತೆ ಬನ್ನಿ.”

“ತೆರೀತೀರಿ ಬಿಡಿ,” ಎಂದು ಹೆಂಗಸು ಅವಳ ಕೈ ಹಿಡಿದು ಕುಲುಕಿದಳು. “ಆದ್ರೆ ಆ ಗೋಡೆ ರಿಪೇರಿ ಮಾಡಿಸಿ.” ಅಷ್ಟು ಹೇಳಿ, ಕೊಡೆ ಬಿಚ್ಚಿ ಹೊರಟುಹೋದಳು.

ಎಫಿ ಏಪ್ರನ್ ನೇರ ಮಾಡಿಕೊಂಡು ಅವನ ಮುಂದೆ ಹೋಗಿ ನಿಂತಳು. “ಇನ್ನು ತಡೆಯೋಕಾಗಲ್ಲ ಸ್ವಾಮಿ. ಹೇಳಿಬಿಡಿ. ನಮಗೆ ಎಷ್ಟು ನಕ್ಷತ್ರ?”

ಅವನು ಕಷ್ಟಪಟ್ಟು ಏಳನೆಯ ಸ್ಕೋನು ನುಂಗಿ, ನೋಟ್‌ಬುಕ್ಕು ಮುಚ್ಚಿದ.

“ನಕ್ಷತ್ರನಾ? ಬೆಳಗ್ಗೆಯಿಂದ ಹೇಳೋಕೆ ನೋಡ್ತಿದ್ದೀನಿ ಅಮ್ಮಾ, ನೀವು ಬಿಡ್ತಾನೇ ಇಲ್ಲ. ನಾನು ಲಿಂಡ್ಸೇ, ಇವತ್ತು ನನ್ನ ಪಾಳಿ.”