ನೆಗಡಿ ಕೊಟ್ಟವರ ದನಿ

ಇದನ್ನು ಹೇಳುವಷ್ಟು ಓದು ನನ್ನದಲ್ಲ, ತಪ್ಪಿದ್ದರೆ ಕ್ಷಮಿಸಿ. ಆಗೆಲ್ಲ ನೆಗಡಿಯ ವೈರಸ್ಸು ತಾನು ಮೊದಲಿದ್ದ ಗಂಟಲಿನ ದನಿಯನ್ನೂ ಹೊತ್ತು ತರುತ್ತಿತ್ತು. ಯಾರಿಂದ ಅಂಟಿತೋ, ಮೂರು ದಿನ ಅವರದೇ ದನಿ.

ಅಣ್ಣನ ಜೊತೆ ಜಗಳವಾಡಿದ್ದ ಈರಪ್ಪ, ಆ ಮನೆಗೆ ಕಾಲಿಟ್ಟರೆ ತವರಿಗೆ ಅಟ್ಟುತ್ತೇನೆಂದು ಹೆಂಡತಿಗೆ ಹೇಳಿದ್ದ. ಕಸ್ತೂರೆವ್ವ ಕದ್ದು ಹೋಗಿ, ಭಾವನ ಹೆಂಡತಿಯಾದ ನೆಗೆಣ್ಣಿಯ ಜೊತೆ ಒಂದೇ ತಟ್ಟೆಯಲ್ಲಿ ಚುರುಮುರಿ ತಿಂದು ಬಂದಿದ್ದಳು. ಬೆಳಿಗ್ಗೆ ಮೂಗು ಸೋರತೊಡಗಿತು. ಬಾಯಿ ಬಿಡದೆ ರೊಟ್ಟಿ ಬಡಿದಳು. ಗಂಡನೂ ಕೈಸನ್ನೆಯಲ್ಲೇ ನೀರು ಕೇಳಿದ. ಬಿಸಿ ಹಂಚು ತಾಗಿ "ಅಯ್ಯ ಶಿವನ!" ಎಂದು ಚೀರಿದಾಗ ಬಂದದ್ದು ನೆಗೆಣ್ಣಿಯ ದನಿ.

"ಅಲ್ಲಿಗೆ ಹೋಗಿದ್ದಿ, ಹೌದಿಲ್ಲ?" ಈರಪ್ಪ ಗುಡುಗಿದ.

ಗುಡುಗಿದ್ದು ಅಣ್ಣನ ದನಿ. ಭಾವ ಬಂದರೆಂದು ಕಸ್ತೂರೆವ್ವ ರೂಢಿಯಂತೆ ತಲೆಮೇಲೆ ಸೆರಗೆಳೆದುಕೊಂಡಳು; ಆಮೇಲೆ ನಕ್ಕಳು.

"ನೀವ್ ಯಾವಾಗ ಹೋಗಿದ್ರಿ, ಭಾವಾರ?"

ಮೊದಲು ಹೋದವರು ಯಾರೋ, ಅದು ಮಾತ್ರ ನನಗೆ ತಿಳಿಯದು.