ವಾಲ್ವಿನ ಮೇಲಿನ ಗುರುತು

"ಹೇಗೆ ಫಳಫಳ ಅನ್ನೋ ಹಾಗೆ ಉಜ್ಜಿದೀನಿ ನೋಡು!" ಎಂದು ಅತ್ತೆ ಸಂಶೋಧಕ ಅಳಿಯನ ಮುಂದೆ ಅಂಗೈ ಚಾಚಿದರು. ಸೇನೆಯ ಹಳೆಯ ರೇಡಿಯೋದಿಂದ ಬಿಚ್ಚಿಟ್ಟಿದ್ದ, ಪುಟ್ಟ ಬಲ್ಬಿನಂಥ ಗಾಜಿನ ವಾಲ್ವು ಅದು. ಅವನು ಬ್ಯಾಟರಿ ತರುವಷ್ಟರಲ್ಲಿ, ಅದರ ಮೇಲೆ ಬಣ್ಣದಲ್ಲಿ ಬರೆದಿದ್ದ ಗುರುತು ಧೂಳಿನ ಜೊತೆಗೇ ಹೋಗಿಬಿಟ್ಟಿತ್ತು.

"ಅಯ್ಯೋ ಅತ್ತೆ! ಇದಕ್ಕೆ ಎರಡು ವೋಲ್ಟೋ ಆರು ವೋಲ್ಟೋ ಅಂತ ಆ ಗುರುತೇ ಹೇಳಬೇಕಿತ್ತು. ಹೆಚ್ಚು ಕೊಟ್ಟರೆ ಒಳಗಿನ ತಂತಿ ಸುಟ್ಟುಹೋಗುತ್ತೆ. ಇಂಥದ್ದು ಇನ್ನೆಲ್ಲೂ ಸಿಗಲ್ಲ."

ಯುದ್ಧದಲ್ಲಿ ಆ ರೇಡಿಯೋವನ್ನು ಬೆನ್ನಿಗೆ ಕಟ್ಟಿಕೊಂಡು ನಡೆದವರು ಅತ್ತೆಯ ಗಂಡ. ಅದು ಒಮ್ಮೆ ಮಾತಾಡುವುದನ್ನು ಕೇಳಬೇಕೆಂಬುದೊಂದೇ ಈಗ ಅತ್ತೆಯ ಆಸೆ. "ಧೂಳು ಅಂದ್ಕೊಂಡೆ ಕಣೋ. ನಿನ್ನ ಮಾವ ಇದ್ದಿದ್ರೆ ನನ್ನನ್ನೇ ಯುದ್ಧಕ್ಕೆ ಕಳಿಸ್ತಿದ್ರು..." ನಗಿಸಹೊರಟ ದನಿ ನಡುವೆಯೇ ಒಡೆಯಿತು. ಆದದ್ದಾಗಲಿ, ಅಂದಾಜಿಗೆ ಕೊಟ್ಟೇ ನೋಡೋಣವೆಂದು ಅವನ ಕೈ ಬ್ಯಾಟರಿಯ ತಂತಿಯತ್ತ ಹೋಗಿ, ಹಾವು ಕಂಡಂತೆ ಹಿಂದೆ ಬಂತು.

ಅತ್ತೆಗೆ ಸುಮ್ಮನಿರಲಾಗಲಿಲ್ಲ. ಗಾಜಿಗೆ ತಮ್ಮ ಬೆರಳಿನ ಕಲೆ ಅಂಟಿದ್ದು ಕಂಡು, ಕನ್ನಡಕ ಒರೆಸುವಂತೆ ಅದರ ಮೇಲೆ 'ಹಾ' ಎಂದು ಉಸಿರುಬಿಟ್ಟು ಬಟ್ಟೆ ಎತ್ತಿಕೊಂಡರು. ಮಂಜುಗಟ್ಟಿದ ಗಾಜಿನಲ್ಲಿ ಅಳಿಸಿಹೋಗಿದ್ದ ಅಕ್ಷರಗಳು ಒಂದೊಂದಾಗಿ ಎದ್ದುಬಂದವು.

"ಒರೆಸಬೇಡಿ!" ಅವನು ಅವರ ಮಣಿಕಟ್ಟು ಹಿಡಿದ. ಪೂರ್ತಿ ಓದುವ ಮೊದಲೇ ಮಂಜು ಆರಿತು.

"ಮತ್ತೇನು ಕೆಡಿಸಿದೆನೋ?" ಅತ್ತೆ ಬಟ್ಟೆ ಕೆಳಗಿಟ್ಟರು.

"ಇನ್ನೊಂದ್ಸಲ ಉಸಿರು ಬಿಡಿ, ಅತ್ತೆ. ಮೆಲ್ಲಗೆ."