ಎಡಗಾಲಿನ ಗೆರೆ

ಮೇಷ್ಟ್ರ ಕೆಂಪು ಪೆನ್ಸಿಲ್ ಎಡಗಾಲಿನ ಗಿಣ್ಣಿನ ಮೇಲೆ ಬಂದು ನಿಂತಿತು. ಶೂ ವಿನ್ಯಾಸದ ತರಗತಿಯ ಗೋಡೆಗೆ ಚುಚ್ಚಿದ್ದ ಹದಿನಾಲ್ಕು ಹಾಳೆಗಳಲ್ಲಿ ಹದಿಮೂರರಲ್ಲಿ ಬರೀ ಓಟದ ಶೂಗಳು. ಒಬ್ಬ ವಿದ್ಯಾರ್ಥಿನಿಯ ಹಾಳೆಯಲ್ಲಿ ಮಾತ್ರ ಶೂ ತೊಡುವ ಕಾಲೂ ಇತ್ತು. ಅದನ್ನು ಮೆಚ್ಚಿಯೇ ಹತ್ತಿರ ಬಂದವರು ಹುಬ್ಬು ಗಂಟಿಕ್ಕಿದರು.

"ಯಾರ ಕಾಲಮ್ಮ ಇದು?"

"ನನ್ನ ತಂಗೀದು ಸರ್. ಓಟಗಾರ್ತಿ. ದಿನಾ ಅಭ್ಯಾಸ ಮುಗಿಸಿ ಬಂದು ಕೂತಾಗ ಬರೀತೀನಿ."

"ಬಲಗಾಲು ಚೆನ್ನಾಗಿದೆ. ಎಡಗಾಲಿನ ಗಿಣ್ಣಿಗೆ ಏನಾಯ್ತು? ಮೂರು ವಾರದಿಂದ ನೋಡ್ತಿದ್ದೀನಿ, ಹಾಳೆಯಿಂದ ಹಾಳೆಗೆ ದಪ್ಪ ಆಗ್ತಿದೆ. ಮುಂದಿನ ವಾರ ಕುಂಬಳಕಾಯಿ ಆಗುತ್ತೋ?"

ತರಗತಿ ನಕ್ಕಿತು. ಅವಳೂ ನಕ್ಕಳು. "ಕಂಡ ಹಾಗೇ ಬರೆದೆ ಸರ್."

"ಕಣ್ಣು ಮೋಸ ಮಾಡುತ್ತೆ, ಅಳತೆ ಮಾಡಲ್ಲ. ಈ ಗೆರೆ ನಂಬಿ ಶೂ ಬಾಯಿ ಕತ್ತರಿಸಿದ್ರೆ ಕಾಲು ಒಳಗೇ ಅಲ್ಲಾಡುತ್ತೆ. ಓಡೋ ಹುಡುಗಿ ಮುಗ್ಗರಿಸ್ತಾಳೆ." ಮೂವತ್ತು ವರ್ಷ ಕಾರ್ಖಾನೆಯಲ್ಲಿ ಓಟದ ಶೂಗಳಿಗೆ ರೂಪ ಕೊಟ್ಟು ಬಂದ ಮನುಷ್ಯ. ಅವರ ಮಾತಿಗೆ ಎದುರಾಡುವವರಿರಲಿಲ್ಲ. ಕಪಾಟಿನಿಂದ ಮರದ ಕಾಲಿನ ಮಾದರಿಯೊಂದನ್ನು ತೆಗೆದು ಅವಳ ಕೈಗಿತ್ತರು. "ಇದನ್ನ ಪಕ್ಕದಲ್ಲಿಟ್ಕೊಂಡು ಬರಿ."

ಅಂದು ಸಂಜೆ ತಂಗಿ ಎರಡೂ ಕಾಲನ್ನು ತಣ್ಣೀರಿನ ಬಕೆಟ್ಟಿನಲ್ಲಿಟ್ಟು ಕೂತಿದ್ದಳು. ಅಕ್ಕ ಬಗ್ಗಿ ನೋಡಿದಳು. "ಎಡಗಾಲು ಊದಿದೆಯೇನೇ?"

"ಓಡೋರ ಕಾಲು ಅಕ್ಕ, ಉಳುಕಿರುತ್ತೆ. ತಾನಾಗೇ ಇಳಿಯುತ್ತೆ. ತಂಡದ ಆಯ್ಕೆಗೆ ಇನ್ನು ಐದೇ ವಾರ, ಅಮ್ಮನ ಕಿವಿಗೆ ಹಾಕ್ಬೇಡ." ತಂಗಿ ಕಾಲು ಒರೆಸಿಕೊಂಡು ಸಾಕ್ಸ್ ಮೇಲೆಳೆದಳು. "ನೀನು ಕಾಲು ಬರಿಯೋಳು, ಕಾಲಿನ ಡಾಕ್ಟರಲ್ಲ. ದಿನಾ ಕಾಲೇ ಬರೀತೀಯಲ್ಲ, ನನ್ನ ಮುಖ ಅಷ್ಟು ಕೆಟ್ಟದಾಗಿದೆಯಾ?"

ಮೇಷ್ಟ್ರೂ ಇಲ್ಲ ಅಂದರು, ತಂಗಿಯೂ ಇಲ್ಲ ಅಂದಳು. ಅಕ್ಕನಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂತು. ಪೆನ್ಸಿಲ್ ಗಿಣ್ಣಿನ ಹತ್ತಿರ ಬಂದಾಗ ಕೈ ಹೊರಕ್ಕೆ ಹೊರಟಿತು. ಮರದ ಕಾಲು ನೋಡಿ ಒಳಕ್ಕೆ ಎಳೆದುಕೊಂಡಳು. ಗೆರೆ ಲಕ್ಷಣವಾಗಿ ಬಂತು. ಮಾರನೆಯ ದಿನವೂ ಹಾಗೆಯೇ ಎಳೆದಳು. ವಾರದಿಂದ ವಾರಕ್ಕೆ ಅವಳ ಹಾಳೆಯಲ್ಲಿ ಕೆಂಪು ಕಡಿಮೆಯಾಯಿತು. ನಾಲ್ಕನೆಯ ವಾರ ಮೇಷ್ಟ್ರು ಒಂದು ಗೀಟೂ ಹಾಕಲಿಲ್ಲ. "ಕೈ ಕುದುರಿತು ನೋಡಮ್ಮ" ಎಂದು ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಬಾಗಿಲ ಪಕ್ಕ ಚುಚ್ಚಿದರು. ಅದೇ ದಿನ ಮೈದಾನದ ಎರಡನೆಯ ತಿರುವಿನಲ್ಲಿ ತಂಗಿ ಬಿದ್ದಳು. ಎಬ್ಬಿಸಿ ನಿಲ್ಲಿಸಿದರೂ ಎಡಗಾಲನ್ನು ನೆಲಕ್ಕೆ ಊರಲಾಗಲಿಲ್ಲ.

ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ಡಾಕ್ಟರ್ ಅಕ್ಕತಂಗಿಯರನ್ನು ಎದುರು ಕೂರಿಸಿಕೊಂಡರು. ಗಿಣ್ಣಿನ ಮೇಲೆ, ಮೂಳೆಯಲ್ಲಿ ಗಡ್ಡೆ. ಕೆಟ್ಟ ಜಾತಿಯದು. ಕಾಲು ತೆಗೆಯದೆ ದಾರಿಯಿಲ್ಲ ಎಂದರು.

"ಊತ ಯಾವಾಗಿಂದ ಇದೆ?"

"ಒಂದು ವಾರ" ಎಂದಳು ತಂಗಿ, ನೆಲ ನೋಡುತ್ತಾ.

ಅಕ್ಕ ಚೀಲದಿಂದ ಚಿತ್ರದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು; ಮೇಷ್ಟ್ರು ತಿದ್ದಿಕೊಟ್ಟ ಹಾಳೆಗಳನ್ನೂ ಅದರಲ್ಲೇ ಅಂಟಿಸಿದ್ದಳು. ಪ್ರತಿ ಚಿತ್ರದ ಕೆಳಗೂ ತಾರೀಕು. ಡಾಕ್ಟರ್ ನಿಧಾನವಾಗಿ ಪುಟ ತಿರುವಿದರು. ಮೊದಲ ಮೂರು ವಾರ ಎಡಗಿಣ್ಣು ದಿನದಿಂದ ದಿನಕ್ಕೆ ದಪ್ಪವಾಗಿತ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಎರಡೂ ಕಾಲು ಒಂದೇ ಸಮ.

"ಇಲ್ಲಿಂದಾಚೆಗೆ ಊತ ಇಳಿದಿತ್ತಾ?"

"ಇಲ್ಲ ಮೇಡಂ. ಇಲ್ಲಿಂದಾಚೆಗೆ ನಾನು ತಪ್ಪಿಲ್ಲದ ಹಾಗೆ ಬರಿಯೋದು ಕಲಿತೆ."

ಡಾಕ್ಟರ್ ಪುಸ್ತಕ ಮುಚ್ಚಿದರು.

"ಆವಾಗಲೇ ಬಂದಿದ್ರೆ ಕಾಲು ಉಳೀತಿತ್ತಾ?" ಅಕ್ಕ ಕೇಳಿದಳು.

"ಹೇಳೋಕಾಗಲ್ಲಮ್ಮ. ಈಗ ಜೀವ ಉಳಿಸ್ಕೊಳ್ಳೋಣ."

ಸುದ್ದಿ ತಿಳಿದು ಮೇಷ್ಟ್ರು ಆಸ್ಪತ್ರೆಗೆ ಬಂದರು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು, ಪುಸ್ತಕ ಕೇಳಿ ಪಡೆದು, ತಮ್ಮ ಕೆಂಪು ಗೀಟುಗಳನ್ನು ಒಂದೊಂದಾಗಿ ನೋಡಿದರು. "ತಂಗಿ ಕಾಲು ಹೇಗಿದೆಯಮ್ಮ ಅಂತ ಒಂದು ಮಾತು ಕೇಳ್ಲಿಲ್ಲ ನಾನು" ಎಂದರು.

"ನಿಮಗೆ ಕಂಡಿದ್ದು ಹಾಳೆ ಸರ್. ಕಾಲು ನನ್ನ ಕಣ್ಣೆದುರೇ ಇತ್ತು."

ಅವರು ಪುಸ್ತಕವನ್ನು ಅವಳಿಗೆ ಹಿಂದಿರುಗಿಸಿದರು. ಎದ್ದು ಹೋಗಲಿಲ್ಲ. ಮನೆಯಿಂದ ಬಟ್ಟೆ ತರಲು ಹೋಗಿದ್ದ ಅವಳ ಅಮ್ಮ ಬರುವ ತನಕ ಕೂತೇ ಇದ್ದರು.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ನರ್ಸ್ ಬಂದು ತಂಗಿಯ ಎಡಗಾಲಿಗೆ, ಮಂಡಿಯ ಕೆಳಗೆ ನಾಲ್ಕು ಬೆರಳು ಬಿಟ್ಟು, ನೀಲಿ ಶಾಯಿಯಲ್ಲಿ ಸುತ್ತ ಒಂದು ಗೆರೆ ಎಳೆದು ಹೋದಳು. ನರ್ಸ್ ಹೊದಿಸಿ ಹೋಗಿದ್ದ ಹೊದಿಕೆಯನ್ನು ತಂಗಿ ಸರಿಸಿದಳು.

"ಅಕ್ಕಾ, ಬರಿ."

"ಬೇಡ ಕಣೇ. ನನ್ನ ಕೈಲಾಗಲ್ಲ."

"ಹತ್ತು ಗಂಟೆಗೆ ಕರ್ಕೊಂಡು ಹೋಗ್ತಾರೆ. ಅಷ್ಟರೊಳಗೆ ಬರಿ."

ಅವಳು ಬರೆದಳು. ಓಡಿ ಓಡಿ ಕಪ್ಪಾದ ಹೆಬ್ಬೆರಳಿನ ಉಗುರು, ಹಿಮ್ಮಡಿಯ ಸೀಳು, ಕಿರುಬೆರಳಿನ ಮೇಲಿನ ಹಳೆಯ ಗಂಟು. ಗಿಣ್ಣಿನ ಹತ್ತಿರ ಪೆನ್ಸಿಲ್ ಹೊರಕ್ಕೆ ಹೊರಟಿತು. ಅದು ಹೋದಷ್ಟು ದೂರ ಹೋಗಲು ಬಿಟ್ಟಳು. ಅಲ್ಲಿಂದ ಗೆರೆ ಮೀನಖಂಡದ ಮೇಲೇರಿ ನೀಲಿ ಶಾಯಿಯನ್ನು ಮುಟ್ಟಿತು. ತಂಗಿ ಕೈ ಅಡ್ಡ ಹಿಡಿದಳು.

"ಸಾಕು, ನಿಲ್ಲಿಸು. ಅದರ ಮೇಲಿಂದು ನನ್ನ ಹತ್ರಾನೇ ಇರುತ್ತೆ."